ಲ್ಯಾಬ್ರಡಾರ್ ನಾಯಿಗೆ ವರ್ಷವಿಡೀ ತುರಿಕೆ, ಕಿವಿ ಸೋಂಕು: ಆಹಾರದ ಅಲರ್ಜಿಯೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಬೆಣ್ಣೆನಗರಿ, ದಾವಣಗೆರೆ

ನಮ್ಮ ಚಿನ್ನು ಮೂರು ವರ್ಷದ ಹಳದಿ ಲ್ಯಾಬ್ರಡಾರ್, ಹೆಣ್ಣು, ತೂಕ 28 ಕಿಲೋ. ಒಂದು ವರ್ಷ ತುಂಬುವ ಮೊದಲೇ ಕೆರೆತ ಶುರುವಾಯಿತು. ಮಳೆಗಾಲ, ಬೇಸಿಗೆ ಎಂಬ ಭೇದವಿಲ್ಲದೆ ಇವತ್ತಿಗೂ ನಿಂತಿಲ್ಲ. ಮುಂಗಾಲಿನ ಬೆರಳ ಸಂದಿಯನ್ನು ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಕಿವಿಯೊಳಗೆ ಕಂದು ಬಣ್ಣದ ಜಿಗುಟು ಮೇಣ, ಹತ್ತಿರ ಹೋದರೆ ಹುಳಿ ವಾಸನೆ. ಹನಿ ಔಷಧ ಬಿಡುವಷ್ಟು ದಿನ ಸುಮ್ಮನಿರುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಮೊದಲಿನ ಹಾಗೆ. ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟಾಗ ರಾತ್ರಿ ನೆಮ್ಮದಿಯಾಗಿ ಮಲಗುತ್ತಾಳೆ. ಆದರೆ ಮೂರೇ ವರ್ಷದ ನಾಯಿಗೆ ಜೀವನಪೂರ್ತಿ ಸ್ಟಿರಾಯ್ಡ್ ಕೊಡಲು ಮನಸ್ಸು ಒಪ್ಪುತ್ತಿಲ್ಲ.

ಇಲ್ಲಿಯ ವೈದ್ಯರು ಆಹಾರದ ಅಲರ್ಜಿ ಇರಬಹುದು ಎಂದರು. ಕೋಳಿ ಮಾಂಸದ ಒಣ ಆಹಾರ ಬಿಟ್ಟು ‘ಕುರಿ ಮಾಂಸ ಮತ್ತು ಅಕ್ಕಿ’ ಎಂದು ಬರೆದಿದ್ದ ಚೀಲ ತಂದೆವು. ಕೆಲವು ದಿನ ವಾಸಿ ಎನಿಸಿತು, ಆಮೇಲೆ ಯಥಾಸ್ಥಿತಿ. ಕೊನೆಗೆ ರಕ್ತಪರೀಕ್ಷೆಯನ್ನೂ ಮಾಡಿಸಿದೆವು. ಅಕ್ಕಿ, ಆಲೂಗಡ್ಡೆ, ಕುರಿ, ಮೊಟ್ಟೆ, ಸೋಯಾ ಹೀಗೆ ವರದಿಯ ತುಂಬಾ ಕೆಂಪು ಗುರುತು. ಇಷ್ಟನ್ನೆಲ್ಲ ಬಿಟ್ಟರೆ ಇವಳಿಗೆ ಏನು ಹಾಕಬೇಕು? ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ತುಂಗಾತೀರ, ಶಿವಮೊಗ್ಗ

ಆಹಾರಕ್ಕೆ ಕೈ ಹಾಕುವ ಮೊದಲು ಚಿಗಟದ ಲೆಕ್ಕ ಮುಗಿಸಿಕೊಳ್ಳಿ. ನಮ್ಮ ಕಡೆ ನಾಯಿ ಕೆರೆದುಕೊಳ್ಳಲು ಮೊದಲನೆಯ ಕಾರಣವೇ ಚಿಗಟ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ನೂರಾರು ಕಚ್ಚಬೇಕಾಗಿಲ್ಲ, ಬೆರಳೆಣಿಕೆಯಷ್ಟು ಕಚ್ಚಿದರೂ ಸಾಕು. ಮೈಮೇಲೆ ಒಂದೂ ಕಾಣಿಸದೆ ಇರಬಹುದು. ಬಾಲದ ಬುಡದ ಮೇಲ್ಭಾಗ, ಸೊಂಟದ ಸುತ್ತ ಕೂದಲನ್ನು ಹಲ್ಲು ಕಿರಿದಾದ ಬಾಚಣಿಗೆಯಿಂದ ಬಾಚಿ, ಉದುರಿದ ಕರಿಯ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ಐದು ನಿಮಿಷ ಬಿಡಿ. ಬರೀ ಮಣ್ಣಾದರೆ ಕಪ್ಪಾಗಿಯೇ ಉಳಿಯುತ್ತದೆ. ಸುತ್ತ ಕೆಂಪು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯದೇ ಜೀರ್ಣವಾದ ರಕ್ತ.

ತುರಿ ಕಜ್ಜಿಯ ನುಸಿ ಇದೆಯೇ ಎಂದು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆಯೇ? ಕಿವಿಯ ಮೇಣವನ್ನು ಗಾಜಿನ ಮೇಲೆ ಸವರಿ ಪರೀಕ್ಷಿಸಿದ್ದಾರೆಯೇ? ಹುಳಿ ವಾಸನೆ ಎಂದಿದ್ದೀರಿ. ಅದು ಮಲಸೀಜಿಯಾ ಎಂಬ ಯೀಸ್ಟ್ ಇದ್ದಾಗ ಬರುವ ವಾಸನೆ.

ಕಡಲಬದಿ, ಮಂಗಳೂರು

ನಮ್ಮ ಕರಿ ನಾಯಿಗೂ ಇದೇ ತೊಂದರೆ ಇತ್ತು. ಕೋಳಿ ಪೂರ್ತಿ ಬಿಟ್ಟು ಬೂತಾಯಿ ಮೀನು ಮತ್ತು ಕುಚ್ಚಲಕ್ಕಿ ಅನ್ನ ಮಾತ್ರ ಹಾಕಲು ಶುರು ಮಾಡಿದ ಮೇಲೆ ಮೈಮೇಲಿನ ಹುಣ್ಣೆಲ್ಲ ಒಣಗಿ ಹೊಸ ಕೂದಲು ಬಂತು. ಮೀನಿನ ಎಣ್ಣೆ ಚರ್ಮಕ್ಕೆ ಬಹಳ ಒಳ್ಳೆಯದು. ಯೋಚನೆ ಮಾಡುತ್ತಾ ಕೂರುವುದಕ್ಕಿಂತ ನಾಳೆಯೇ ಮೀನು ಶುರು ಮಾಡಿ.

ಪಶುವೈದ್ಯೆ, ಹಾಸನ

ಚಿನ್ನುವನ್ನು ನಾನು ನೋಡಿಲ್ಲವಾದ್ದರಿಂದ ರೋಗ ಇಂಥದ್ದೇ ಎಂದು ಹೇಳುವುದಿಲ್ಲ. ಆದರೆ ಆಹಾರದ ಅನುಮಾನ ಬರಲು ಇಲ್ಲಿ ಕಾರಣಗಳಿವೆ: ಒಂದು ವರ್ಷದೊಳಗೆ ಶುರುವಾಗಿರುವುದು, ಋತುಮಾನದ ಹಂಗಿಲ್ಲದೆ ಮುಂದುವರಿದಿರುವುದು, ಕಿವಿ ಮತ್ತು ಪಾದ. ಒಂದು ಪ್ರಶ್ನೆ. ಅವಳು ದಿನಕ್ಕೆ ಎಷ್ಟು ಸಲ ಮಲವಿಸರ್ಜನೆ ಮಾಡುತ್ತಾಳೆ? ಗ್ಯಾಸ್, ಆಗಾಗ ಸಡಿಲ ಮಲ, ಹಿಂಭಾಗವನ್ನು ನೆಲಕ್ಕೆ ಉಜ್ಜುವುದು ಇದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಹಾಗೆಂದು ಧೂಳಿನ ನುಸಿ, ಪರಾಗ, ಪಾರ್ಥೇನಿಯಂನಂತಹ ಕಳೆಗಳಿಂದ ಬರುವ ಅಟೋಪಿಕ್ ಚರ್ಮರೋಗವೂ ಹೊರಗಿನಿಂದ ಥೇಟ್ ಹೀಗೆಯೇ ಕಾಣುತ್ತದೆ. ಕಣ್ಣಿನಿಂದ ನೋಡಿ ಇವೆರಡನ್ನು ಬೇರ್ಪಡಿಸಲು ಯಾವ ವೈದ್ಯರಿಂದಲೂ ಆಗುವುದಿಲ್ಲ.

ರಕ್ತಪರೀಕ್ಷೆಯ ವರದಿಯನ್ನು ಪಕ್ಕಕ್ಕಿಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಕೆಂಪು ಗುರುತುಗಳನ್ನು ನಂಬಿ ನಾಯಿಗಳನ್ನು ಅರೆಹೊಟ್ಟೆಯಲ್ಲಿಟ್ಟವರನ್ನು ನೋಡಿ ನನಗೆ ಸಂಕಟವಾಗಿದೆ. ಆಹಾರದ ಅಲರ್ಜಿಗೆ ರಕ್ತ, ಜೊಲ್ಲು, ಕೂದಲು ಇವುಗಳ ಪರೀಕ್ಷೆ ಯಾವುದೂ ಭರವಸೆಗೆ ಯೋಗ್ಯವಲ್ಲ. ಆರೋಗ್ಯವಾಗಿರುವ ನಾಯಿಗಳ ವರದಿಯಲ್ಲೂ ಹೀಗೆಯೇ ಗುರುತುಗಳು ಬರುತ್ತವೆ. ಖಚಿತಪಡಿಸಿಕೊಳ್ಳಲು ಇರುವುದು ಒಂದೇ ದಾರಿ, ಕಟ್ಟುನಿಟ್ಟಿನ ಪಥ್ಯ. ಅವಳು ಹುಟ್ಟಿದಾರಭ್ಯ ತಿನ್ನದೇ ಇರುವ ಒಂದು ಪ್ರೋಟೀನ್ ಮತ್ತು ಒಂದು ಪಿಷ್ಟ ಪದಾರ್ಥ, ಇಲ್ಲವಾದರೆ ಹೈಡ್ರೊಲೈಸ್ಡ್ ಪ್ರೋಟೀನಿನ ಆಹಾರ. ಕನಿಷ್ಠ ಎಂಟು ವಾರ. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಐದು ವಾರಕ್ಕೆ ಶೇ. 80ಕ್ಕೂ ಹೆಚ್ಚು, ಎಂಟು ವಾರಕ್ಕೆ ಶೇ. 90ಕ್ಕೂ ಹೆಚ್ಚು ನಾಯಿಗಳು ಸುಧಾರಿಸುತ್ತವೆ. ಮೂರನೇ ವಾರಕ್ಕೆ ಕೈಚೆಲ್ಲಿದರೆ ಪಟ್ಟ ಪಾಡೆಲ್ಲ ವ್ಯರ್ಥ.

ಪಥ್ಯದಲ್ಲಿ ವಾಸಿಯಾದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಹಳೆಯ ಆಹಾರವನ್ನು ಬೇಕೆಂದೇ ಮತ್ತೆ ಕೊಟ್ಟು ನೋಡಬೇಕು. ಕೆಲವು ದಿನಗಳಿಂದ ಎರಡು ವಾರದೊಳಗೆ ತುರಿಕೆ ಮರಳಿ, ಪಥ್ಯಕ್ಕೆ ಹಿಂತಿರುಗಿದಾಗ ಮತ್ತೆ ಇಳಿದರೆ ಮಾತ್ರ ಆಹಾರದ ಅಲರ್ಜಿ ಎಂದು ಬರೆದುಕೊಳ್ಳಬಹುದು. ಕಡಲಬದಿಯವರ ನಾಯಿ ಗುಣವಾದದ್ದು ಸಂತೋಷ. ಆದರೆ ಅದು ಕೋಳಿ ಬಿಟ್ಟದ್ದರಿಂದಲೋ, ಮೀನೆಣ್ಣೆಯಿಂದಲೋ, ಅದೇ ಹೊತ್ತಿಗೆ ಹವೆ ಬದಲಾದದ್ದರಿಂದಲೋ ಎಂಬುದು ಹಾಗೇ ಉಳಿದಿದೆ. ಕೋಳಿಗೆ ಅಲರ್ಜಿ ಇರುವ ಕೆಲವು ನಾಯಿಗಳಿಗೆ ಮೀನೂ ಆಗುವುದಿಲ್ಲ, ಇವೆರಡರ ಪ್ರೋಟೀನುಗಳಲ್ಲಿ ಹೋಲಿಕೆ ಇದೆ. ಮೀನು ಹಾಕುವವರು ತಾಜಾ ಮೀನನ್ನೇ ಹಾಕಿ. ಬಂಗುಡೆಯಂತಹ ಮೀನು ಹಳಸಿದರೆ ಅದರಲ್ಲಿ ಹಿಸ್ಟಮೈನ್ ಹೆಚ್ಚಾಗುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ.

ಹಳೇಮೈಸೂರು, ಮಂಡ್ಯ

ಧಾನ್ಯವೇ ಇಲ್ಲದ ಆಹಾರ ಕೊಟ್ಟರೆ ಅಲರ್ಜಿ ಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ಅದು ನಿಜವೇ? ಇನ್ನೊಂದು ವಿಷಯ. ನಮ್ಮದು ಸಸ್ಯಾಹಾರಿ ಮನೆ. ನಾಯಿಗೆ ಮೊಸರನ್ನ, ರಾಗಿ ಮುದ್ದೆ, ಹಾಲು, ಒಣ ಆಹಾರ ಇಷ್ಟೇ. ಅವನಿಗೂ ಹೊಟ್ಟೆಯಡಿ ಕೆಂಪು ಗುಳ್ಳೆಗಳಿವೆ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಿದ್ದೇವೆ. ನಮ್ಮಂಥವರು ಪಥ್ಯ ಮಾಡುವುದು ಹೇಗೆ?

ಪಶುವೈದ್ಯೆ, ಹಾಸನ

ಅಕ್ಕಿ, ರಾಗಿಯ ಮೇಲೆ ಸುಮ್ಮನೆ ಆರೋಪ ಬರುತ್ತಿದೆ. ಅಲರ್ಜಿ ಖಚಿತವಾಗಿದ್ದ 297 ನಾಯಿಗಳ ದಾಖಲೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ ದನದ ಮಾಂಸ ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15, ಗೋಧಿ ಶೇ. 13, ಕುರಿ ಶೇ. 5 ನಾಯಿಗಳಿಗೆ ತೊಂದರೆ ಮಾಡಿದ್ದವು. ಅಕ್ಕಿಯದು ಶೇ. 2ರ ಆಸುಪಾಸು. ನಾಯಿಗೆ ಅಲರ್ಜಿ ಬರುವುದು ಅದು ಪದೇ ಪದೇ ತಿಂದ ಪದಾರ್ಥಕ್ಕೆ. ಹಾಗಾಗಿ ಆ ಅಂಕಿಗಳನ್ನು ನಮ್ಮ ಊರಿಗೆ ಹಾಗೆಯೇ ಅನ್ವಯಿಸಬೇಡಿ. ನಮ್ಮ ಮನೆಗಳಲ್ಲಿ ನಾಯಿ ದಿನವೂ ತಿನ್ನುವುದು ಕೋಳಿ, ಹಾಲು, ಮೊಸರು, ಮೊಟ್ಟೆ, ಬಿಸ್ಕತ್ತು. ಅನುಮಾನವನ್ನೂ ಅಲ್ಲಿಂದಲೇ ಶುರು ಮಾಡಬೇಕು. ಇನ್ನು, ಧಾನ್ಯರಹಿತ ಆಹಾರಕ್ಕೂ ನಾಯಿಗಳ ಹೃದಯ ಸ್ನಾಯು ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತನಿಖೆ ಆರಂಭಿಸಿತು. ನಂಟು ಸಾಬೀತಾಗಿಲ್ಲ. ಆದರೂ ಕಾರಣವಿಲ್ಲದೆ ದುಬಾರಿ ಬೆಲೆ ತೆತ್ತು ಆ ಚೀಲ ತರುವ ಅಗತ್ಯ ನನಗೆ ಕಾಣುತ್ತಿಲ್ಲ.

ಎಣ್ಣೆ, ಅರಿಶಿನ ಹಚ್ಚಬೇಡಿ. ಹಚ್ಚಿದ್ದನ್ನು ನಾಯಿ ನೆಕ್ಕುತ್ತದೆ. ಎಣ್ಣೆಯ ಜಿಡ್ಡಿನಲ್ಲಿ ಯೀಸ್ಟ್ ಇನ್ನೂ ಸೊಂಪಾಗಿ ಬೆಳೆಯುತ್ತದೆ. ಗುಳ್ಳೆಗಳಿಗೆ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಹಾಕಿ, ಹತ್ತು ನಿಮಿಷ ಮೈಮೇಲೆ ಬಿಟ್ಟು ತೊಳೆಯಿರಿ. ಆ ಹತ್ತು ನಿಮಿಷ ಬಿಡದಿದ್ದರೆ ಶಾಂಪೂ ಹಾಕಿಯೂ ಪ್ರಯೋಜನವಿಲ್ಲ. ಸಸ್ಯಾಹಾರಿ ಮನೆಗೆ ಹೈಡ್ರೊಲೈಸ್ಡ್ ಒಣ ಆಹಾರವೇ ಸುಲಭ, ಅಡುಗೆ ಮನೆಗೆ ಮಾಂಸ ತರಬೇಕಾಗಿಲ್ಲ. ಆದರೆ ಪಥ್ಯ ಮುಗಿಯುವವರೆಗೆ ಮೊಸರನ್ನ, ಹಾಲು ಒಂದು ಚಮಚವೂ ಕೂಡದು.

ಮಲಪ್ರಭೆ, ಬಾಗಲಕೋಟೆ

ನಮ್ಮದು ಮುಧೋಳ ನಾಯಿ, ಹಾಲು ಮತ್ತು ಜೋಳದ ರೊಟ್ಟಿಯ ಮೇಲೆ ಬೆಳೆದದ್ದು. ಅದಕ್ಕೂ ಕಳೆದ ವರ್ಷ ಪಥ್ಯ ಮಾಡಿಸಿದೆವು, ತಪ್ಪಿತಸ್ಥ ಹಾಲು ಎಂದು ಗೊತ್ತಾಯಿತು. ನಾನು ಹೇಳಬೇಕಾದದ್ದು ಒಂದೇ. ಪಥ್ಯ ಕೆಡುವುದು ನಾಯಿಯ ತಟ್ಟೆಯಲ್ಲಿ ಅಲ್ಲ, ಮನೆಯವರ ಕೈಯಲ್ಲಿ. ಅಜ್ಜ ಚಹಾದ ಜೊತೆ ಮುರಿದು ಹಾಕುವ ಪಾರ್ಲೆ-ಜಿಯಲ್ಲಿ ಗೋಧಿಯೂ ಇದೆ, ಹಾಲಿನ ಅಂಶವೂ ಇದೆ. ಮಗು ಊಟ ಮಾಡಿದ ಜಾಗವನ್ನು ನಾಯಿ ನೆಕ್ಕುತ್ತದೆ. ಎದುರು ಮನೆಯವರು ಪ್ರೀತಿಯಿಂದ ಚಪಾತಿ ಕೊಡುತ್ತಾರೆ. ಬೀದಿ ನಾಯಿಗಳಿಗೆ ಹಾಕಿದ ಅನ್ನ ಗೇಟಿನ ಬಳಿಯೇ ಬಿದ್ದಿರುತ್ತದೆ. ನಾವು ಗೇಟಿಗೆ ದಪ್ಪ ಅಕ್ಷರದಲ್ಲಿ ‘ನಾಯಿಗೆ ಔಷಧ ನಡೆಯುತ್ತಿದೆ, ಏನನ್ನೂ ಕೊಡಬೇಡಿ’ ಎಂದು ಬರೆದು ಹಾಕಿದೆವು. ‘ಅಲರ್ಜಿ’ ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ, ‘ಔಷಧ’ ಎಂದದ್ದಕ್ಕೆ ಎಲ್ಲರೂ ಸುಮ್ಮನಾದರು.

ಗೋಡೆಯ ಕ್ಯಾಲೆಂಡರಿನ ಮೇಲೆ ದಿನವೂ ತುರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಬರೆಯಿರಿ. ನೆನಪನ್ನು ನಂಬಬೇಡಿ, ನಾಯಿಯ ವಿಷಯದಲ್ಲಿ ನಾವು ನೋಡಬೇಕೆಂದುಕೊಂಡದ್ದನ್ನೇ ನೋಡುತ್ತೇವೆ.

ದೂರದೂರು, ಮ್ಯೂನಿಕ್

ಹೈಡ್ರೊಲೈಸ್ಡ್ ಎಂದರೆ ಏನೆಂದು ಕೆಲವರು ನನಗೆ ಖಾಸಗಿಯಾಗಿ ಕೇಳಿದ್ದರಿಂದ ಇಲ್ಲಿಯೇ ಬರೆಯುತ್ತೇನೆ. ಪ್ರೋಟೀನನ್ನು ಕಿಣ್ವಗಳಿಂದ ಬಹಳ ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ, ನಾಯಿಯ ರೋಗನಿರೋಧಕ ವ್ಯವಸ್ಥೆಗೆ ಅದರ ಗುರುತು ಸಿಗಬಾರದು ಎಂಬ ಉದ್ದೇಶದಿಂದ. ರಾಯಲ್ ಕ್ಯಾನಿನ್ ಹೈಪೋಅಲರ್ಜೆನಿಕ್‌ನಲ್ಲಿ ಸೋಯಾ, ಹಿಲ್ಸ್ ಝಡ್/ಡಿಯಲ್ಲಿ ಕೋಳಿಯ ಲಿವರ್ ಹೀಗೆ ಒಡೆದದ್ದು. ಆದರೂ ಕೆಲವೇ ಕೆಲವು ನಾಯಿಗಳು ಮೂಲ ಪದಾರ್ಥಕ್ಕೇ ಅಲರ್ಜಿ ಇದ್ದರೆ ಒಡೆದದ್ದಕ್ಕೂ ಪ್ರತಿಕ್ರಿಯಿಸುತ್ತವೆ. ಕೋಳಿಯ ಮೇಲೆ ಅನುಮಾನವಿದ್ದರೆ ಕೋಳಿಯಿಂದ ಮಾಡದ್ದನ್ನು ಆರಿಸಿಕೊಳ್ಳುವುದು ಜಾಣತನ.

ಅಂಗಡಿಯಲ್ಲಿ ಸಿಗುವ ‘ಕುರಿ ಮಾತ್ರ’, ‘ಮೀನು ಮಾತ್ರ’ ಎಂಬ ಚೀಲಗಳ ಕಥೆಯೂ ಹೇಳುವಂಥದ್ದೇ. ಬೇರೆ ಬೇರೆ ದೇಶಗಳಲ್ಲಿ ಇಂತಹ ಆಹಾರವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ಚೀಲದ ಮೇಲೆ ಬರೆಯದ ಪ್ರಾಣಿಗಳ ಪ್ರೋಟೀನು ಅನೇಕವುಗಳಲ್ಲಿ ಸಿಕ್ಕಿದೆ. ಬೆಣ್ಣೆನಗರಿಯವರು ಚೀಲ ಬದಲಾಯಿಸಿಯೂ ಉಪಯೋಗವಾಗದೆ ಇರಲು ಇದೂ ಕಾರಣವಾಗಿರಬಹುದು.

ಬೆಣ್ಣೆನಗರಿ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಕಾಗದದ ಪರೀಕ್ಷೆಯಲ್ಲಿ ಕೆಂಪು ಬರಲಿಲ್ಲ, ಚರ್ಮದಲ್ಲಿ ನುಸಿ ಸಿಗಲಿಲ್ಲ. ಕಿವಿಯ ಮೇಣದಲ್ಲಿ ಯೀಸ್ಟ್ ತುಂಬಿತ್ತು, ಅದಕ್ಕೆ ಚಿಕಿತ್ಸೆ ಶುರುವಾಗಿದೆ. ಮಲ ದಿನಕ್ಕೆ ಐದು ಸಲ. ಇದು ಲ್ಯಾಬ್ರಡಾರ್‌ಗಳಿಗೆ ಸಹಜ ಎಂದುಕೊಂಡಿದ್ದೆವು.

ಹುಟ್ಟಿದಂದಿನಿಂದ ತಿಂದದ್ದನ್ನೆಲ್ಲ ಪಟ್ಟಿ ಮಾಡಲು ಕುಳಿತರೆ ಹಾಳೆ ತುಂಬಿತು: ಕೋಳಿ, ಮೊಟ್ಟೆ, ಕುರಿ, ಹಾಲು, ಮೊಸರು, ಪನೀರ್, ಅಕ್ಕಿ, ಗೋಧಿ, ರಾಗಿ, ಕ್ಯಾರೆಟ್, ಕುಂಬಳಕಾಯಿ, ಕಡಲೆಕಾಯಿ, ಮಂಡಕ್ಕಿ. ಉಳಿದದ್ದು ಮೀನು ಮತ್ತು ಹಂದಿ. ಸೂಳೆಕೆರೆಯ ಮೀನು ಇಲ್ಲಿ ಸಿಗುತ್ತದೆ, ಆದರೆ ಕೋಳಿ ಮತ್ತು ಮೀನಿನ ನಂಟಿನ ಬಗ್ಗೆ ಓದಿದ ಮೇಲೆ ಧೈರ್ಯ ಬರಲಿಲ್ಲ. ಹಂದಿ ಮಾಂಸ ಬೇಯಿಸಲು ಮನೆಯ ಹಿರಿಯರು ಒಪ್ಪಲಿಲ್ಲ. ಸೋಯಾದಿಂದ ಮಾಡಿದ ಹೈಡ್ರೊಲೈಸ್ಡ್ ಆಹಾರ ತರಿಸುತ್ತಿದ್ದೇವೆ. ದಿನಕ್ಕೆ ಎಷ್ಟು ಹಾಕಬೇಕು? ಮಾತ್ರೆ ನುಂಗಿಸಲು ಪನೀರ್ ಬಳಸುತ್ತಿದ್ದೆವು, ಈಗ ಏನು ಮಾಡುವುದು?

ಪಶುವೈದ್ಯೆ, ಹಾಸನ

28 ಕಿಲೋ ತೂಕದ, ಸಾಧಾರಣವಾಗಿ ಓಡಾಡುವ ನಾಯಿಗೆ ದಿನಕ್ಕೆ ಸುಮಾರು 1200ರಿಂದ 1350 ಕಿಲೋ ಕ್ಯಾಲೊರಿ ಸಾಕು. ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಿದ್ದರೆ 1200ರಿಂದಲೇ ಶುರು ಮಾಡಿ. ಚೀಲದ ಮೇಲೆ ನೂರು ಗ್ರಾಮಿಗೆ ಎಷ್ಟು ಕ್ಯಾಲೊರಿ ಎಂದು ನೋಡಿ, ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ. ಒಂದು ವಾರದ ಅವಧಿಯಲ್ಲಿ ಹಳೆಯದನ್ನು ಕಡಿಮೆ ಮಾಡುತ್ತಾ ಹೊಸದನ್ನು ಹೆಚ್ಚಿಸಿ, ಎಂಟು ವಾರದ ಎಣಿಕೆಯನ್ನು ಅದಾದ ಮೇಲೆ ಶುರು ಮಾಡಿ. ಅದೇ ಕಾಳುಗಳನ್ನು ನೀರಿನಲ್ಲಿ ನೆನೆಸಿ ಹಿಸುಕಿದರೆ ಮಾತ್ರೆ ಸುತ್ತಲು ಉಂಡೆಯಾಗುತ್ತದೆ. ತರಬೇತಿಗೆ ಕೊಡುವ ತಿಂಡಿಯೂ ಅದೇ ಕಾಳು.

ಉಣ್ಣೆ, ಚಿಗಟಕ್ಕೆ ಕೊಡುವ ಅಗಿಯುವ ಮಾತ್ರೆ, ರುಚಿ ಹಾಕಿದ ಜಂತುಹುಳದ ಮಾತ್ರೆ, ಮೀನೆಣ್ಣೆಯ ಕ್ಯಾಪ್ಸೂಲಿನ ಜಿಲೆಟಿನ್ ಹೊದಿಕೆ, ರುಚಿಯ ಹಲ್ಲಿನ ಪೇಸ್ಟ್ ಇವುಗಳಲ್ಲೆಲ್ಲ ಪ್ರಾಣಿ ಪ್ರೋಟೀನ್ ಇರಬಹುದು. ಈ ಅವಧಿಗೆ ಬೆನ್ನಿನ ಮೇಲೆ ಹಚ್ಚುವ ಔಷಧ ಬಳಸಿ. ಆದರೆ ಉಣ್ಣೆ ತಡೆಯನ್ನು ಪೂರ್ತಿ ನಿಲ್ಲಿಸಬೇಡಿ. ನಮ್ಮಲ್ಲಿ ಉಣ್ಣೆ ಜ್ವರಕ್ಕೆ ನಾಯಿಗಳು ಸಾಯುತ್ತವೆ.

ಪ್ರೆಡ್ನಿಸೊಲೋನ್ ಒಮ್ಮೆಗೇ ನಿಲ್ಲಿಸುವಂತಿಲ್ಲ, ನಿಮ್ಮ ವೈದ್ಯರು ಹೇಳಿದಂತೆ ಇಳಿಸುತ್ತಾ ಬನ್ನಿ. ಮೊದಲ ವಾರಗಳಲ್ಲಿ ತುರಿಕೆಗೆ ಮದ್ದು ಇದ್ದರೂ ಅಡ್ಡಿಯಿಲ್ಲ, ಕೊನೆಯ ಎರಡು ವಾರವಾದರೂ ಮದ್ದಿಲ್ಲದೆ ನೋಡಬೇಕು. ಇಲ್ಲವಾದರೆ ಗುಣ ಮಾಡಿದ್ದು ಪಥ್ಯವೋ ಮಾತ್ರೆಯೋ ತಿಳಿಯುವುದಿಲ್ಲ.

ಮನೆಯಲ್ಲೇ ಬೇಯಿಸಿ ಹಾಕುವ ಉಳಿದವರಿಗೆ: ಬರೀ ಮಾಂಸ, ಗೆಣಸು ಎಂಟು ವಾರಕ್ಕೆ ದೊಡ್ಡ ನಾಯಿಗೆ ನಡೆಯುತ್ತದೆ, ಮರಿಗೆ ನಡೆಯುವುದಿಲ್ಲ. ಮೂಳೆ ಇಲ್ಲದ ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಬೆಳೆಯುವ ಮರಿಯ ಕಾಲು ಸೊಟ್ಟಗಾಗುತ್ತದೆ. ಪಿಷ್ಟಕ್ಕೆ ನವಣೆ, ಸಾಮೆ, ಸಿಹಿಗೆಣಸು ಇವುಗಳಲ್ಲಿ ನಾಯಿ ತಿನ್ನದೇ ಇರುವುದನ್ನು ಆರಿಸಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಯಾವಾಗಲೂ ನಿಷಿದ್ಧ. ಬೆಂದ ಮೂಳೆಯೂ ಬೇಡ.

ಬೆಣ್ಣೆನಗರಿ, ದಾವಣಗೆರೆ

ಎರಡು ತಿಂಗಳ ಮೇಲಿನ ಮಾತು. ಮೊದಲ ಎರಡು ವಾರ ಏನೂ ವ್ಯತ್ಯಾಸ ಕಾಣಲಿಲ್ಲ, ನಿಲ್ಲಿಸಿಬಿಡೋಣ ಎಂದು ಮನೆಯಲ್ಲಿ ಮಾತು ಬಂತು. ಮೊದಲು ಸರಿಹೋದದ್ದು ಹೊಟ್ಟೆ: ಮಲ ದಿನಕ್ಕೆ ಎರಡು ಸಲಕ್ಕೆ ಇಳಿದು ಗಟ್ಟಿಯಾಯಿತು. ಆಮೇಲೆ ಕ್ಯಾಲೆಂಡರಿನ ಅಂಕ ಎಂಟರಿಂದ ಐದಕ್ಕೆ, ಮೂರಕ್ಕೆ ಬಂತು. ನಡುವೆ ಪಕ್ಕದ ಮನೆಯ ಹುಡುಗ ಕೊಟ್ಟ ಬೇಯಿಸಿದ ಕೋಳಿಯ ತುಂಡು ತಿಂದು ಮೂರು ದಿನ ಕಾಲು ನೆಕ್ಕಿದಳು. ವೈದ್ಯರು ಎರಡು ವಾರ ಮುಂದುವರಿಸಲು ಹೇಳಿದರು. ಈಗ ಮಾತ್ರೆ ಇಲ್ಲದೆಯೂ ಅಂಕ ಎರಡು. ಬೆರಳ ಸಂದಿಯಲ್ಲಿ ಬುಡದಿಂದ ಹಳದಿ ಕೂದಲು ಬರುತ್ತಿದೆ, ತುದಿಯಲ್ಲಿ ಮಾತ್ರ ತುಕ್ಕಿನ ಬಣ್ಣ ಉಳಿದಿದೆ.

ಚೆನ್ನಾಗಿರುವ ನಾಯಿಗೆ ಬೇಕೆಂದೇ ಕೋಳಿ ಹಾಕಲು ಕೈ ಬರುತ್ತಿಲ್ಲ. ಅದು ನಿಜವಾಗಿಯೂ ಅಗತ್ಯವೇ?

ಮಲಪ್ರಭೆ, ಬಾಗಲಕೋಟೆ

ಅಗತ್ಯ. ಇಲ್ಲವಾದರೆ ಯಾವುದರಿಂದ ಎಂದು ತಿಳಿಯದೆ ಜೀವನವಿಡೀ ಆ ದುಬಾರಿ ಚೀಲಕ್ಕೆ ಕಟ್ಟುಬೀಳುತ್ತೀರಿ. ಒಂದು ಸಲಕ್ಕೆ ಒಂದೇ ಪದಾರ್ಥ, ಎರಡು ವಾರ. ಲಕ್ಷಣ ಕಂಡ ದಿನವೇ ನಿಲ್ಲಿಸಬಹುದು.

ಬೆಣ್ಣೆನಗರಿ, ದಾವಣಗೆರೆ

ಕೋಳಿ ಕೊಟ್ಟೆವು. ಉಪ್ಪು, ಮಸಾಲೆ ಏನೂ ಇಲ್ಲದೆ ಬೇಯಿಸಿದ್ದು. ನಾಲ್ಕನೆಯ ದಿನ ಕಿವಿಯ ಒಳಭಾಗ ಕೆಂಪಾಯಿತು, ರಾತ್ರಿ ನೆಕ್ಕುವ ಶಬ್ದ ಮತ್ತೆ ಕೇಳಿಸಿತು. ನಿಲ್ಲಿಸಿದ ಮೇಲೆ ವಾರದೊಳಗೆ ತಗ್ಗಿತು. ನಂತರ ಮೊಸರು, ಎರಡು ವಾರ ಕೊಟ್ಟರೂ ಏನೂ ಆಗಲಿಲ್ಲ. ಹಿರಿಯರ ಮೊಸರನ್ನದ ಪಾಲು ಅವಳಿಗೆ ಮರಳಿ ಸಿಗುತ್ತದೆ ಎಂಬುದೇ ಮನೆಯಲ್ಲಿ ದೊಡ್ಡ ಸಂಭ್ರಮ. ಸದ್ಯ ಅಕ್ಕಿ ನಡೆಯುತ್ತಿದೆ, ಇದುವರೆಗೆ ತೊಂದರೆ ಇಲ್ಲ. ಕೋಳಿ ಆಗದ ನಾಯಿಗೆ ಮೊಟ್ಟೆಯೂ ಆಗುವುದಿಲ್ಲವೇ?

ಪಶುವೈದ್ಯೆ, ಹಾಸನ

ಹಾಗೇನಿಲ್ಲ. ಮೊಟ್ಟೆಯನ್ನು ಬೇರೆಯಾಗಿಯೇ ಪರೀಕ್ಷಿಸಿ. ಬಾತುಕೋಳಿ, ಕ್ವೇಲ್ ಮಾತ್ರ ಕೋಳಿಗೆ ಬದಲಿ ಎಂದು ಹಾಕಬೇಡಿ, ಅವುಗಳ ಪ್ರೋಟೀನುಗಳು ಹತ್ತಿರದವು. ಇನ್ನು ಮುಂದೆ ಚೀಲದ ಹಿಂಬದಿ ಓದುವುದು ರೂಢಿಯಾಗಲಿ: ‘ಮಾಂಸದ ಉಪೋತ್ಪನ್ನ’, ‘ಪೌಲ್ಟ್ರಿ ಮೀಲ್’, ‘ಪ್ರಾಣಿಜನ್ಯ ಜೀರ್ಣಾಂಶ’ ಎಂದಿದ್ದರೆ ಕೋಳಿ ಇದೆಯೆಂದೇ ತಿಳಿಯಿರಿ. ಮುಂಭಾಗದಲ್ಲಿ ಕುರಿಯ ಚಿತ್ರವಿದ್ದರೂ ಸರಿಯೇ.

ಅಂಕ ಎರಡಕ್ಕೆ ನಿಂತು ಸೊನ್ನೆಗೆ ಇಳಿಯದಿದ್ದರೆ ಬೇಸರ ಬೇಡ. ಆಹಾರದ ಅಲರ್ಜಿಯ ಜೊತೆಗೆ ಧೂಳು, ಪರಾಗದ ಅಲರ್ಜಿಯೂ ಇರುವ ನಾಯಿಗಳು ಬಹಳ. ಮಳೆಗಾಲದ ನಂತರ ಪಾರ್ಥೇನಿಯಂ ಹೂಬಿಡುವ ಹೊತ್ತಿಗೆ ಅಂಕ ಏರುತ್ತದೆಯೇ ಎಂದು ಅದೇ ಕ್ಯಾಲೆಂಡರಿನಲ್ಲಿ ಗಮನಿಸಿ, ಏರಿದರೆ ಕಿವಿಯನ್ನು ವಾರಕ್ಕೊಮ್ಮೆ ತಪಾಸಣೆ ಮಾಡಿಸಿ. ಮುಖ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಕ್ಕಿಯ ನಂತರ ಗೋಧಿ, ಆಮೇಲೆ ಮೊಟ್ಟೆ, ಕೊನೆಗೆ ಕುರಿ.